ತಾಯ್ನುಡಿಯೊಂದನ್ನೇ ಬಲ್ಲ ವಿಜ್ಞಾನಿ: ಆಂಟನಿ ವಾನ್ ಲೀವೆನ್‌ಹುಕ್

ನಮ್ಮ ಬಾಯಿ, ಕರುಳು, ಚರ್ಮಗಳಲ್ಲಿ ಅಸಂಖ್ಯ ಬ್ಯಾಕ್ಟೀರಿಯಾಗಳು ವಾಸಿಸುತ್ತವೆಂಬುದನ್ನು ಇಂದು ಪ್ರೌಢಶಾಲೆಯ ಮಕ್ಕಳೂ ಬಲ್ಲರು. ಮನುಷ್ಯದೇಹದ ಈ ನಿವಾಸಿಗಳನ್ನು ಮೊದಲು ಕಣ್ಣಾರೆ ಕಂಡವರು ವೈದ್ಯರಲ್ಲ, ವಿಶ್ವವಿದ್ಯಾನಿಲಯದ ಪಂಡಿತರೂ ಅಲ್ಲ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೀವೆನ್‌ಹುಕ್.

1632ರ ಅಕ್ಟೋಬರ್ 24ರಂದು ಜನಿಸಿದ ಅವರ ತಂದೆ ಬುಟ್ಟಿ ಹೆಣೆಯುವ ಕಸುಬಿನವರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕ, ಹದಿನಾರರ ಪ್ರಾಯದಲ್ಲಿ ಆಮ್‌ಸ್ಟರ್‌ಡ್ಯಾಮಿನ ಬಟ್ಟೆಯಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದರು. 1654ರಲ್ಲಿ ಊರಿಗೆ ಮರಳಿ ಸ್ವಂತ ಅಂಗಡಿ ತೆರೆದರು. ಹುಟ್ಟಿದ ಐದು ಮಕ್ಕಳಲ್ಲಿ ಉಳಿದು ಬೆಳೆದವಳು ಮಗಳು ಮರಿಯಾ ಒಬ್ಬಳೇ. ನೂಲಿನ ಗುಣವನ್ನು ಪರೀಕ್ಷಿಸಲು ಬಟ್ಟೆ ವ್ಯಾಪಾರಿಗಳು ಭೂತಗನ್ನಡಿಯನ್ನು ಬಳಸುತ್ತಿದ್ದ ಕಾಲವದು. ಲೀವೆನ್‌ಹುಕ್ ತಾವೇ ಪುಟ್ಟ ಮಸೂರಗಳನ್ನು ತಯಾರಿಸಿ, ಲೋಹದ ಎರಡು ತಗಡುಗಳ ನಡುವೆ ಕೂರಿಸಿದರು. ಉಳಿದಿರುವ ಅವರ ಸೂಕ್ಷ್ಮದರ್ಶಕಗಳಲ್ಲಿ ಅತ್ಯುತ್ತಮವಾದುದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಮನೆಯೇ ಅವರ ಪ್ರಯೋಗಶಾಲೆ.

ಅಂದು ವಿದ್ವಾಂಸರ ಭಾಷೆ ಲ್ಯಾಟಿನ್. ಲೀವೆನ್‌ಹುಕ್ ಬಲ್ಲದ್ದು ತಾಯ್ನುಡಿ ಡಚ್ ಮಾತ್ರ. 1673ರಿಂದ ಸುಮಾರು ಐವತ್ತು ವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಅವರು ಅದೇ ಭಾಷೆಯಲ್ಲಿ ಪತ್ರ ಬರೆದರು, ಅಲ್ಲಿನವರು ಅನುವಾದಿಸಿಕೊಂಡರು. ಕಾಳುಮೆಣಸು ನೆನೆಸಿಟ್ಟ ನೀರಿನಲ್ಲಿ ಅತಿಸೂಕ್ಷ್ಮ ಜೀವಿಗಳನ್ನು ಕಂಡೆನೆಂದು 1676ರಲ್ಲಿ ಬರೆದಾಗ ಹಲವರು ನಂಬಲಿಲ್ಲ. ಅವರು ಎದೆಗುಂದದೆ, ಧರ್ಮಗುರುಗಳೂ ಸೇರಿದಂತೆ ಕಣ್ಣಾರೆ ಕಂಡ ಗಣ್ಯರ ಸಾಕ್ಷ್ಯಪತ್ರಗಳನ್ನು ಕಳುಹಿಸಿದರು. 1677ರಲ್ಲಿ ರಾಬರ್ಟ್ ಹುಕ್ ಪ್ರಯೋಗವನ್ನು ಪುನರಾವರ್ತಿಸಿ ಸತ್ಯವೆಂದು ಕಂಡರು. 1680ರಲ್ಲಿ ಸೊಸೈಟಿಯು ಬಟ್ಟೆ ವ್ಯಾಪಾರಿಯನ್ನು ತನ್ನ ಸದಸ್ಯನನ್ನಾಗಿ ಆರಿಸಿತು.

1683ರ ಸೆಪ್ಟೆಂಬರ್ 17ರ ಪತ್ರ ಚರಿತ್ರಾರ್ಹವಾದುದು. ಪ್ರತಿದಿನ ಉಪ್ಪಿನಿಂದ ಹಲ್ಲುಜ್ಜುತ್ತಿದ್ದರೂ ಸಂದಿಗಳಲ್ಲಿ ಉಳಿಯುತ್ತಿದ್ದ ಬಿಳಿಯ ಕೊಳೆಯನ್ನು ಅವರು ಶುದ್ಧ ಮಳೆನೀರಿನಲ್ಲಿ ಕಲಸಿ ನೋಡಿದರು. ಅಲ್ಲಿ ಜೀವಿಗಳು ಚಲಿಸುತ್ತಿದ್ದವು! ಅವುಗಳ ಆಕಾರಗಳನ್ನು ಚಿತ್ರಿಸಿ ಕಳುಹಿಸಿದರು. ಇತರರ ಬಾಯಿಯನ್ನೂ, ಎಂದೂ ಹಲ್ಲುಜ್ಜದ ವೃದ್ಧರೊಬ್ಬರ ಬಾಯಿಯನ್ನೂ ಪರೀಕ್ಷಿಸಿ ಹೋಲಿಸಿದರು. ವಿನೆಗರ್‌ನಿಂದ ಬಾಯಿ ಮುಕ್ಕಳಿಸಿದರೂ ಕೊಳೆಯೊಳಗಿನ ಜೀವಿಗಳು ಉಳಿದವು. ಕೊಳೆಯನ್ನು ಹೊರತೆಗೆದು ವಿನೆಗರ್ ಬೆರೆಸಿದಾಗ ಸತ್ತವು. ದಪ್ಪ ಕೊಳೆಯ ಒಳಗೆ ಅದು ಇಳಿಯದೆಂದು ಅವರು ಊಹಿಸಿದರು.

ತಮ್ಮ ಅತ್ಯುತ್ತಮ ವಿಧಾನಗಳನ್ನು ಅವರು ಯಾರಿಗೂ ಹೇಳಿಕೊಡಲಿಲ್ಲ. 1723ರ ಆಗಸ್ಟ್ 26ರಂದು, ತೊಂಬತ್ತರ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಆ ಕೌಶಲವೂ ಅವರೊಂದಿಗೇ ಹೋಯಿತು. ವಿದ್ಯೆಯನ್ನು ಹಂಚದಿದ್ದರೆ ಆಗುವ ನಷ್ಟಕ್ಕೆ ಇದೂ ಒಂದು ನಿದರ್ಶನ. ಆದರೆ ಅವರು ತೆರೆದ ಬಾಗಿಲು ಮುಚ್ಚಲಿಲ್ಲ. ನಮ್ಮೊಳಗಿನ ಬ್ಯಾಕ್ಟೀರಿಯಾಗಳ ಸಂಖ್ಯೆ ನಮ್ಮ ಜೀವಕೋಶಗಳ ಸಂಖ್ಯೆಗೆ ಹೆಚ್ಚುಕಡಿಮೆ ಸಮವೆಂದೂ, ಅವುಗಳಲ್ಲಿ ಹಲವು ಆಹಾರದ ನಾರನ್ನು ಕರಗಿಸಿ, ಕೆ ಜೀವಸತ್ವವನ್ನು ತಯಾರಿಸಿ ನಮಗೆ ನೆರವಾಗುತ್ತವೆಂದೂ ಇಂದಿನ ಪ್ರಯೋಗಶಾಲೆಗಳು ತಿಳಿಸುತ್ತಿವೆ.

ಕನ್ನಡದಲ್ಲಿ ಓದಿದ ಮಗು ವಿಜ್ಞಾನದಲ್ಲಿ ಮುಂದೆ ಬಂದೀತೇ ಎಂದು ಗಡಿಯಾಚೆಯ ನಮ್ಮ ಪೋಷಕರು ಕೇಳುವುದುಂಟು. ಆತಂಕ ಸಹಜವೇ. ಲೀವೆನ್‌ಹುಕ್ ಅವರ ಮಾತು ಜಗತ್ತನ್ನು ಮುಟ್ಟಿದ್ದು ಅನುವಾದಕರಿಂದ. ಆದ್ದರಿಂದ ಮಕ್ಕಳು ಇತರ ಭಾಷೆಗಳನ್ನೂ ಕಲಿಯಲಿ. ಆದರೆ ಅವರು ನೋಡಿದ್ದು, ಪ್ರಶ್ನಿಸಿದ್ದು, ಯೋಚಿಸಿದ್ದು ತಾಯ್ನುಡಿಯಲ್ಲಿಯೇ. ನೂರು ವರ್ಷಗಳಿಂದ ನಮ್ಮ ಶಾಲೆ ನಂಬಿ ನಡೆದಿರುವುದೂ ಇದನ್ನೇ.