ಬಣ್ಣದ ಬೆಳಕೂ ಸರ್ ಸಿ. ವಿ. ರಾಮನ್ನರವರೂ

ಕಟಪಾಡಿಗೆ ನೆರೆಯದಾದ ಶಂಕರಪುರದ ಮಲ್ಲಿಗೆ ತೋಟಗಳನ್ನು ಬಲ್ಲ ವಿದ್ಯಾರ್ಥಿನಿಯರು ಈ ಸಂಗತಿಯನ್ನು ಗಮನಿಸಿರಬಹುದು. ಮುಚ್ಚಂಜೆಯಾಗುತ್ತಲೇ ಬೇಲಿಯ ಕೆಂಪು ದಾಸವಾಳವು ಕಪ್ಪಾಗಿ ತೋರುವದು. ಹಗಲಲ್ಲಿ ಹೂವಿನ ಮುಂದೆ ಮಂಕಾಗಿದ್ದ ಹಸುರೆಲೆಯಾದರೋ ಆಗ ಹೂವಿಗಿಂತ ತಿಳಿಯಾಗಿ ಕಾಣುವದು. ಬೆಳಕಿನ ಅಳತೆ ಬೇರೆ, ಕಣ್ಣಿಗೆ ತೋರುವ ಪ್ರಕಾಶ ಬೇರೆ. ಬೊಹೀಮಿಯ ದೇಶದ ಪುರ್ಕಿನ್ಯೆ ಎಂಬ ವಿದ್ವಾಂಸರು 19ನೆಯ ಶತಮಾನದಲ್ಲಿ ಇದನ್ನು ವಿವರಿಸಿದರು. ನಮ್ಮ ನಾಡಿನಲ್ಲಿ ಕಣ್ಣಿಗೂ ಬಣ್ಣಕ್ಕೂ ಇರುವ ಸಂಬಂಧವನ್ನು ಮುಪ್ಪಿನಲ್ಲಿಯೂ ಬಿಡದೆ ಶೋಧಿಸಿದವರು ಸರ್ ಚಂದ್ರಶೇಖರ ವೆಂಕಟರಾಮನ್ನರವರು.

ಇವರು 1888ನೆಯ ಇಸವಿ ನವೆಂಬರ 7ರಲ್ಲಿ ತಿರುಚಿರಾಪಳ್ಳಿಯಲ್ಲಿ ಜನಿಸಿದರು. ಕಲ್ಕತ್ತೆಯಲ್ಲಿ ಸರಕಾರದ ಲೆಕ್ಕಪತ್ರದ ದೊಡ್ಡ ಉದ್ಯೋಗದಲ್ಲಿದ್ದವರು 1917ರಲ್ಲಿ ಅದನ್ನು ತ್ಯಜಿಸಿ, ಕಡಿಮೆ ಸಂಬಳದ ಪ್ರಾಧ್ಯಾಪಕತ್ವವನ್ನು ಸ್ವೀಕರಿಸಿದರು. 1921ರ ಸಮುದ್ರಯಾನದಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲವರ್ಣವು ಅವರ ಮನಸ್ಸನ್ನು ಸೆಳೆಯಿತು. ಅದು ಆಕಾಶದ ಪ್ರತಿಬಿಂಬ ಮಾತ್ರವಲ್ಲ, ನೀರಿನ ಅಣುಗಳೇ ಬೆಳಕನ್ನು ಚದರಿಸುವವೆಂದು ತೋರಿಸಿದರು. 1928ರ ಫೆಬ್ರವರಿ 28ರಲ್ಲಿ ರಾಮನ್ ಪರಿಣಾಮವು ದೊರಕಿತು. 1930ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು.

1933ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರದ ಮುಖ್ಯಸ್ಥರಾದರು. ಆ ವರುಷವೇ ಕಮಲಾ ಭಾಗವತ್ ಎಂಬ ಯುವತಿಯು ಪ್ರವೇಶ ಬೇಡಿದಾಗ ಹೆಣ್ಣೆಂಬ ಕಾರಣದಿಂದ ನಿರಾಕರಿಸಿದರೆಂಬುದನ್ನು ನಾವು ಮರೆಮಾಚಲಾರೆವು. ಆಕೆ ಹಟಬಿಡದೆ ಒಂದು ವರುಷದ ಪರೀಕ್ಷಾವಧಿಗೆ ಸೇರಿ ತನ್ನ ಯೋಗ್ಯತೆಯನ್ನು ಸ್ಥಾಪಿಸಿದಳು. ಬಳಿಕ ಅನ್ನಾ ಮಣಿ ಮೊದಲಾದ ಸ್ತ್ರೀಯರು ರಾಮನ್ನರವರ ಕೈಕೆಳಗೇ ಸಂಶೋಧನೆ ನಡಿಸಿದರು.

1948ರಲ್ಲಿ ಸ್ವಂತ ಸಂಶೋಧನಾಲಯವನ್ನು ಆರಂಭಿಸಿ, ಅಲ್ಲಿಯೇ ಹೂಗಳ ಬಣ್ಣವನ್ನೂ ನೇತ್ರವನ್ನೂ ಪರೀಕ್ಷಿಸತೊಡಗಿದರು. ಕಣ್ಣಿನ ಮುಂದೆ ಬಣ್ಣದ ಗಾಜನ್ನು ಹಿಡಿದು ಬೆಳಗುವ ಬಿಳಿ ತೆರೆಯನ್ನು ದಿಟ್ಟಿಸಿ, ಫಕ್ಕನೆ ಗಾಜನ್ನು ತೆಗೆದರೆ, ತನ್ನ ಅಕ್ಷಿಪಟಲದ ನಡುಭಾಗದ ರೂಪವೇ ತೆರೆಯ ಮೇಲೆ ತೋರುವದೆಂದು ಕಂಡರು. ಎಂಥ ಸರಳವಾದ ಉಪಕರಣ! ಆದರೆ ಕಣ್ಣಿನಲ್ಲಿ ಮೂರು ಬಗೆಯ ವರ್ಣಗ್ರಾಹಕಗಳಿವೆಯೆಂಬ ಮತವನ್ನು ಅವರು ಖಂಡಿಸಿದರು. 1964ರಲ್ಲಿ ಅಮೇರಿಕದ ಶಾಸ್ತ್ರಜ್ಞರು ಬಿಡಿ ಬಿಡಿ ಗ್ರಾಹಕಗಳನ್ನೇ ಅಳೆದು ಮೂರು ಬಗೆಗಳನ್ನು ತೋರಿಸಿದ್ದರೂ, 1968ರ ತಮ್ಮ ಗ್ರಂಥದಲ್ಲಿ ರಾಮನ್ನರವರು ಮಣಿಯಲಿಲ್ಲ. ಲೋಕವು ಅವರ ಮತವನ್ನು ಅಂಗೀಕರಿಸಲಿಲ್ಲ. ಅಂಗೀಕರಿಸದೆ ಇದ್ದದ್ದು ನ್ಯಾಯವೇ ಎಂದು ನಮ್ಮ ಅಭಿಪ್ರಾಯ. ಆದರೂ ಎಂಭತ್ತರ ಹತ್ತಿರದ ವೃದ್ಧರೊಬ್ಬರು ಸ್ವಂತ ಕಣ್ಣನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡದ್ದು ಅಲ್ಪವಲ್ಲ.

ಈಗಿನ ಎಲ್‌ಇಡಿ ದೀಪಗಳಲ್ಲಿ ಈ ಪ್ರಶ್ನೆಯು ಪೇಟೆಗೇ ಬಂದಿದೆ. ಬಣ್ಣದ ಎಲ್‌ಇಡಿಯ ಬೆಳಕು ಬಹು ಶುದ್ಧವರ್ಣದ್ದಾದದರಿಂದ, ಮಾಪಕದಲ್ಲಿ ಬಿಳಿ ದೀಪಕ್ಕೆ ಸಮವಾಗಿ ನಿಂತರೂ ಕೆಂಪು ನೀಲಿಗಳು ಕಣ್ಣಿಗೆ ಹೆಚ್ಚು ಪ್ರಕಾಶವಾಗಿ ತೋರುವವು. ಬಿಳಿ ದೀಪಗಳ ಸಾಲಿನಲ್ಲಿ ಒಂದೇ ಒಂದು ಕೆಂಪು ದೀಪವಿದ್ದರೆ ದೃಷ್ಟಿಯು ಮೊದಲು ಅಲ್ಲಿಗೇ ಹರಿಯುವದು. ಹೆದ್ದಾರಿಯ ಬದಿಯ ಅಂಗಡಿಯವರಿಗೆ ಇದು ಶಾಸ್ತ್ರವಿಲ್ಲದೆಯೇ ತಿಳಿದಿದೆ.

ರಾಮನ್ನರವರು 1970ನೆಯ ನವೆಂಬರ 21ರಲ್ಲಿ ತೀರಿಕೊಂಡರು. ಅವರ ದಹನವು ತಾವೇ ಬೆಳೆಸಿದ ಸಂಶೋಧನಾಲಯದ ತೋಟದಲ್ಲಿ ನಡೆಯಿತು. ಆ ಸ್ಥಳದಲ್ಲಿ ಒಂದು ಮರವನ್ನು ನೆಡಲಾಯಿತು.