ಒಡೆಯರ್ ಕೊಟ್ಟ ‘ಬಹದ್ದೂರ್’: ಹೈದರಾಲಿಯ ಬದುಕಿನಲ್ಲಿ ತುರ್ಕಿ ಪದಗಳು

ಮೈಸೂರಿನ ವಿಜಯನಗರದಲ್ಲಿ ನಾನಿರುವ ಬೀದಿಗೆ ಪ್ರತಿ ವರ್ಷ ರಾಜ್ಯೋತ್ಸವದ ಚಂದಾ ಕೇಳೋಕೆ ಹುಡುಗರು ಬರ್ತಾರೆ. ಕಳೆದ ಸಲ ಅವರಲ್ಲೊಬ್ಬ, ಕನ್ನಡದಲ್ಲಿ ಸೇರಿಕೊಂಡಿರುವ ತುರುಕರ ಪದಗಳನ್ನೆಲ್ಲ ಹೊರಗೆ ಹಾಕಬೇಕು ಅಂದ. ಅವನು ಕೊಟ್ಟ ರಸೀದಿ ನೋಡಿದೆ. ಅವನದೇ ಸಹಿ, ಅದರ ಕೆಳಗೆ ‘ಖಜಾಂಚಿ’.

ಖಜಾನೆ ಅರಬ್ಬಿ ಮೂಲದ್ದು. ಕೊನೆಯ ‘ಚಿ’ ಮಾತ್ರ ಅಸಲಿ ತುರ್ಕಿ. ನಮ್ಮ ಬಳೆಗಾರ, ಹೂಗಾರದಲ್ಲಿ ‘ಗಾರ’ ಮಾಡುವ ಕೆಲಸವನ್ನೇ ತುರ್ಕಿ ಭಾಷೆಗಳಲ್ಲಿ ಈ ‘ಚಿ’ ಮಾಡುತ್ತದೆ. ಎಂಜಿನಿಯರಿಂಗ್ ಓದಿದವನಿಗೆ ಯಾವ ಬಿಡಿಭಾಗ ಎಲ್ಲಿಂದ ಬಂತು ಅಂತ ಹುಡುಕುವ ಚಟ ಇರುತ್ತೆ. ಹುಡುಕುತ್ತಾ ಹೋದವನು ಪಕ್ಕದ ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಮಲಗಿರುವ ಹೈದರಾಲಿಯ ಹತ್ತಿರ ಬಂದು ನಿಂತೆ.

ಈ ಪದಗಳನ್ನು ತಂದವನು ಅವನಲ್ಲ. ಬಹಮನಿ, ಬಿಜಾಪುರದ ಆಳ್ವಿಕೆಯ ಕಾಲದಿಂದಲೇ ಇಂಥವು ಪಾರ್ಸಿಯ ಮೂಲಕ ಇಲ್ಲಿಗೆ ಬಂದಿದ್ದವು. ಆದರೆ ಅವನು ಹತ್ತಿದ ಒಂದೊಂದು ಮೆಟ್ಟಿಲಲ್ಲೂ ಒಂದೊಂದು ತುರ್ಕಿ ಪದ ಸಿಗುತ್ತೆ.

ಹೈದರ್ ಹುಟ್ಟಿದ್ದು ಸುಮಾರು 1720ರಲ್ಲಿ, ಕೋಲಾರದ ಬೂದಿಕೋಟೆಯಲ್ಲಿ. ಅವನು ಮಗುವಾಗಿದ್ದಾಗಲೇ ತಂದೆ ಯುದ್ಧದಲ್ಲಿ ಸತ್ತ. ಓದು ಬರಹ ಕಲಿಯಲಿಲ್ಲ, ಆದರೆ ಕನ್ನಡವೂ ಸೇರಿ ಹಲವು ಭಾಷೆ ಮಾತಾಡ್ತಿದ್ದ. 1749ರಲ್ಲಿ ಮೈಸೂರು ಸೈನ್ಯ ದೇವನಹಳ್ಳಿಗೆ ಮುತ್ತಿಗೆ ಹಾಕಿದಾಗ ಅಲ್ಲಿ ಹೆಸರು ಮಾಡಿದ. ಅವನ ಸೈನಿಕರ ಕೈಯಲ್ಲಿದ್ದದ್ದು ತುಪಾಕಿ. ತುರ್ಕಿಯಲ್ಲಿ ಅದು ‘ತುಫೆಕ್’. 11ನೇ ಶತಮಾನದಲ್ಲಿ ಮಹಮೂದ್ ಕಾಶ್ಗರಿ ಬರೆದ ತುರ್ಕಿ ನಿಘಂಟಿನಲ್ಲಿ ಇದರ ಹಳೆಯ ರೂಪಕ್ಕೆ ಇರುವ ಅರ್ಥ, ಗುಬ್ಬಚ್ಚಿ ಹೊಡೆಯಲು ಊದುವ ಕೊಳವೆ!

1755ರಲ್ಲಿ ದಿಂಡಿಗಲ್‌ನ ಫೌಜುದಾರನಾದ ಹೈದರ್, ಫ್ರೆಂಚರ ನೆರವಿನಿಂದ ಅಲ್ಲೊಂದು ಶಸ್ತ್ರಾಗಾರ ಕಟ್ಟಿಸಿ ತೋಪುಗಳನ್ನು ಕೂಡಿಸಿದ. ತುರ್ಕಿಯಲ್ಲಿ ‘ತೋಪ್’ ಅಂದ್ರೆ ಚೆಂಡು, ಫಿರಂಗಿ ಎರಡೂ. ನಮ್ಮ ಮಾವಿನ ತೋಪು ಬೇರೆಯೇ. ಅದು ದ್ರಾವಿಡ ಪದ, ತಮಿಳಿನಲ್ಲೂ ಇದೆ. ಕಾಗುಣಿತ ಒಂದೇ, ನಂಟು ಮಾತ್ರ ಇಲ್ಲ. ಕೇಳೋಕೆ ಒಂದೇ ಥರ ಇದೆ ಅಂತ ಪದಗಳ ಮೂಲ ಕಟ್ಟುವವರು ಇದನ್ನು ನೆನಪಿಡಬೇಕು.

1758ರ ಹೊತ್ತಿಗೆ ಮರಾಠರು ಬೆಂಗಳೂರಿಗೆ ಮುತ್ತಿಗೆ ಹಾಕಿದರು. ಹೈದರ್ ಅವರನ್ನು ಹಿಂದೆ ಕಳಿಸಿದ. ಅದಕ್ಕೆ ಇಮ್ಮಡಿ ಕೃಷ್ಣರಾಜ ಒಡೆಯರ್ ಕೊಟ್ಟ ಬಿರುದು ‘ಫತೇ ಹೈದರ್ ಬಹದ್ದೂರ್’. ಫತೇ, ಹೈದರ್ ಎರಡೂ ಅರಬ್ಬಿ. ಬಹದ್ದೂರ್‌ನ ಮೂಲ ತುರ್ಕಿ, ಮಂಗೋಲರ ‘ಬಗಾತುರ್’, ಅಂದರೆ ವೀರ. ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನಲ್ಲಿರುವ ‘ಬಾತರ್’ ಕೂಡ ಇದೇ.

1761ರ ಹೊತ್ತಿಗೆ ರಾಜ್ಯ ಅವನ ಕೈಯಲ್ಲಿತ್ತು. ಒಡೆಯರ್ ಹೆಸರಿಗಷ್ಟೇ ಅರಸರಾದರು. 1763ರಲ್ಲಿ ಬಿದನೂರನ್ನು ಗೆದ್ದು ಅಲ್ಲಿನ ಸಂಪತ್ತನ್ನು ಬಾಚಿದ. 1780ರಲ್ಲಿ ಪೊಲ್ಲಿಲೂರಿನಲ್ಲಿ ಇಂಗ್ಲಿಷರ ಒಂದು ಪಡೆಯನ್ನೇ ಇಲ್ಲವಾಗಿಸಿದ. 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ, ಬೆನ್ನಿನ ಹುಣ್ಣಿನಿಂದ ತೀರಿಕೊಂಡ. ಪಾಳೆಯಕ್ಕೆ ತುರ್ಕಿಯಲ್ಲಿ ‘ಓರ್ದು’ ಅಂತಾರೆ. ಉರ್ದು ಭಾಷೆಯ ಹೆಸರು ಹುಟ್ಟಿದ್ದು ಅದರಿಂದಲೇ.

ಹೈದರನನ್ನು ಟೀಕಿಸೋಕೆ ಕಾರಣಗಳಿಗೆ ಬರವಿಲ್ಲ. ಅರಸರ ಅಧಿಕಾರ ಕಿತ್ತುಕೊಂಡದ್ದು, ಬಿದನೂರಿನ ಲೂಟಿ, ಎಲ್ಲಕ್ಕೂ ದಾಖಲೆ ಇದೆ, ಮಾತಾಡೋಣ. ಆದರೆ ಅವನು ಹೊರಗಿನವನು ಅಂತ ಸಾಧಿಸೋಕೆ ನಿಘಂಟನ್ನು ಎಳೆದು ತರಬೇಡಿ. ಆ ನಿಘಂಟು ಯಾರ ಪರವೂ ಸಾಕ್ಷಿ ಹೇಳಲ್ಲ. ಅಧಿಕಾರ ಕಳೆದುಕೊಂಡ ಒಡೆಯರ್ ಮನೆತನದ ಕೊನೆಯ ಮಹಾರಾಜರ ಹೆಸರು ಜಯಚಾಮರಾಜ ಒಡೆಯರ್ ಬಹದ್ದೂರ್. ಹೈದರ್ ಜೊತೆ ಕಾದಾಡಿದ ಇಂಗ್ಲಿಷರು ಮುಂದೆ ತಮಗೆ ಬೇಕಾದವರಿಗೆ ರಾವ್ ಬಹದ್ದೂರ್ ಹಂಚಿದರು. ಮೂರೂ ಕಡೆಯವರಿಗೆ ಬೇಕಾದ ಪದವನ್ನು ಈಗ ಯಾರ ಮನೆಗೆ ವಾಪಸ್ ಕಳಿಸೋದು?

ಈ ವರ್ಷವೂ ಆ ಹುಡುಗ ಬಂದಿದ್ದ. ಕಥೆಯೆಲ್ಲ ಹೇಳಿದೆ. ಸ್ವಲ್ಪ ಹೊತ್ತು ರಸೀದಿ ಪುಸ್ತಕವನ್ನೇ ನೋಡಿ, ಹಾಗಾದ್ರೆ ಕೋಶಾಧಿಕಾರಿ ಅಂತ ಹಾಕಿಸ್ತೀನಿ ಅಂದ. ಹಾಕಿಸು, ಅದು ಸಂಸ್ಕೃತದ್ದು ಅಂದೆ. ನಕ್ಕ. ಆಮೇಲೆ ಹಳೆಯ ರಸೀದಿಯಲ್ಲೇ ಸಹಿ ಮಾಡಿಕೊಟ್ಟ.