ಹಾನಿಮನ್ನನ ಹಟ

ಬಿಳಿಯ ಸಕ್ಕರೆಗುಳಿಗೆಗಳ ಪುಟ್ಟ ಸೀಸೆಯನ್ನು ನಮ್ಮಲ್ಲಿ ನೋಡದವರು ವಿರಳ. ಆದರೆ ಹೋಮಿಯೋಪತಿಯ ಮೂಲಪುರುಷನಾದ ಸ್ಯಾಮ್ಯುಯೆಲ್ ಹಾನಿಮನ್ನನು ಎಂತಹ ಮನುಷ್ಯನೆಂಬುದು ಆ ಗುಳಿಗೆಯನ್ನು ನುಂಗುವವರಿಗಾಗಲಿ, ಕಂಡು ನಗುವವರಿಗಾಗಲಿ ಅಷ್ಟಾಗಿ ತಿಳಿಯದು.

ಅವನು ಹುಟ್ಟಿದ್ದು 1755ರ ಏಪ್ರಿಲ್ 10ರಂದು, ಸ್ಯಾಕ್ಸನಿಯ ಮೈಸೆನ್ ಎಂಬ ಊರಿನಲ್ಲಿ. ತಂದೆ ಅಲ್ಲಿನ ಹೆಸರಾಂತ ಪಿಂಗಾಣಿ ಪಾತ್ರೆಗಳ ಮೇಲೆ ಚಿತ್ರ ಬರೆಯುವವನು. ಮಗನು ಲೈಪ್‌ಜಿಗ್, ವಿಯೆನ್ನಾಗಳಲ್ಲಿ ಓದಿ 1779ರಲ್ಲಿ ಎರ್ಲಾಂಗೆನ್ನಿನಲ್ಲಿ ವೈದ್ಯಪದವಿ ಪಡೆದನು. ಅಂದಿನ ವೈದ್ಯವಾದರೋ ನರ ಕೊಯ್ದು ರಕ್ತ ಹರಿಸುವುದು, ಜಿಗಣೆ ಹಚ್ಚುವುದು, ಜೊಲ್ಲು ಸುರಿಯುವವರೆಗೆ ಪಾದರಸ ಕೊಡುವುದು! ತನ್ನ ಕೈಯಿಂದಲೇ ರೋಗಿಗಳಿಗೆ ಕೇಡಾಗುತ್ತಿದೆಯೆಂಬ ಅಳುಕು ಹಾನಿಮನ್ನನನ್ನು ಹಿಡಿಯಿತು. ಬೆಳೆಯುತ್ತಿದ್ದ ಸಂಸಾರವನ್ನು ಬೆನ್ನಿಗೆ ಕಟ್ಟಿಕೊಂಡೇ ಅವನು ವೃತ್ತಿಯನ್ನು ತೊರೆದು, ಭಾಷಾಂತರದಿಂದ ಹೊಟ್ಟೆ ಹೊರೆಯತೊಡಗಿದನು. 1792ರಲ್ಲಿ ಚಕ್ರವರ್ತಿ ಎರಡನೆಯ ಲಿಯೊಪೋಲ್ಡನು ತೀರಿಕೊಂಡಾಗ, ಪದೇ ಪದೇ ರಕ್ತ ತೆಗೆದ ರಾಜವೈದ್ಯರನ್ನು ಪತ್ರಿಕೆಯಲ್ಲಿ ಹೆಸರೆತ್ತಿ ಪ್ರಶ್ನಿಸಿದವನು ಇವನೇ. ಬಡವನೊಬ್ಬನ ಪಾಲಿಗೆ ಅದು ಸಣ್ಣ ಧೈರ್ಯವಲ್ಲ.

ಅವನ ಬಾಳಿನ ತಿರುವು ಬಂದದ್ದು 1790ರಲ್ಲಿ. ಸ್ಕಾಟ್ಲೆಂಡಿನ ಕಲನ್ ಎಂಬ ವೈದ್ಯನ ಗ್ರಂಥವನ್ನು ಅನುವಾದಿಸುತ್ತಿದ್ದಾಗ, ಸಿಂಕೋನ ತೊಗಟೆ ಚಳಿಜ್ವರವನ್ನು ಏಕೆ ಕಳೆಯುತ್ತದೆಂಬುದಕ್ಕೆ ಅಲ್ಲಿ ಕೊಟ್ಟಿದ್ದ ಕಾರಣ ಅವನಿಗೆ ಒಪ್ಪಿಗೆಯಾಗಲಿಲ್ಲ. ಆರೋಗ್ಯವಾಗಿದ್ದ ತಾನೇ ಕೆಲದಿನ ತೊಗಟೆಯನ್ನು ಸೇವಿಸಿ ನೋಡಿದನು. ಕೈಕಾಲು ತಣ್ಣಗಾದುವು, ನಾಡಿ ಬಿರುಸಾಯಿತು. ಚಳಿಜ್ವರದ ಲಕ್ಷಣಗಳೇ ಕಂಡಂತಾಯಿತು. ಯಾವ ವಸ್ತು ಯಾವ ಬಾಧೆಯನ್ನು ಹುಟ್ಟಿಸುವುದೋ ಅಂತಹ ಬಾಧೆಗೆ ಅದೇ ಮದ್ದೆಂಬ ಸೂತ್ರವನ್ನು 1796ರಲ್ಲಿ ಪ್ರಕಟಿಸಿದನು. 1810ರಲ್ಲಿ ‘ಆರ್ಗನಾನ್’ ಹೊರಬಂದಿತು. ಒಬ್ಬನ ಮೈಯ ಅನುಭವದ ಮೇಲೆ ಇಷ್ಟು ದೊಡ್ಡ ಕಟ್ಟಡವನ್ನು ಎತ್ತಬಹುದೇ? ಆ ಶಂಕೆ ಅವನನ್ನು ಕಾಡಲಿಲ್ಲ.

ಮದ್ದಿನ ವಿಷ ತಗ್ಗಲೆಂದು ಅದನ್ನು ಒಂದಕ್ಕೆ ನೂರರಂತೆ ತೆಳುಗೊಳಿಸಿದನು. ಕುಲುಕಿ ಕುಲುಕಿ ತೆಳುಗೊಳಿಸಿದಷ್ಟೂ ಶಕ್ತಿ ಹೆಚ್ಚುವುದೆಂದು ಬರಬರುತ್ತ ನಂಬಿದನು. ಮೂವತ್ತು ಸಲ ಹೀಗೆ ಮಾಡುವುದು ರೂಢಿಯಾಯಿತು. ಹನ್ನೆರಡು ಸಲ ದಾಟಿದರೆ ಮೂಲವಸ್ತುವಿನ ಒಂದು ಅಣುವೂ ಉಳಿದಿರುವ ಸಂಭವ ಕಡಮೆಯೆಂದು ಮುಂದಿನ ರಸಾಯನಶಾಸ್ತ್ರ ಲೆಕ್ಕ ಹಾಕಿತು. ವಿಚಿತ್ರವೆಂದರೆ, ದ್ರಾಕ್ಷಾರಸದಲ್ಲಿ ಬೆರೆತ ಸೀಸವನ್ನು ಪತ್ತೆಹಚ್ಚುವ ಪರೀಕ್ಷೆಯನ್ನು 1788ರಲ್ಲಿ ಕೊಟ್ಟ ಒಳ್ಳೆಯ ರಸಾಯನಜ್ಞನೂ ಇವನೇ! ಯಾವ ರೋಗಕ್ಕೂ ಈ ಪದ್ಧತಿ ಫಲಕಾರಿಯೆಂಬುದಕ್ಕೆ ನಂಬತಕ್ಕ ಆಧಾರವಿಲ್ಲವೆಂದು 2015ರಲ್ಲಿ ಆಸ್ಟ್ರೇಲಿಯದ ಸರ್ಕಾರಿ ಪರಿಶೀಲನೆಯೂ ತೀರ್ಮಾನಿಸಿತು.

ಮದ್ದನ್ನು ತಾನೇ ಮಾಡಿ ಕೊಡುತ್ತಿದ್ದನೆಂದು ಲೈಪ್‌ಜಿಗ್ಗಿನ ಔಷಧ ವ್ಯಾಪಾರಿಗಳು ವ್ಯಾಜ್ಯ ಹೂಡಿದರು. 1821ರಲ್ಲಿ ಅವನು ಕ್ಯೋಥೆನ್ನಿನ ದೊರೆಯ ಆಶ್ರಯಕ್ಕೆ ಹೋದನು. 1831ರ ಕಾಲರಾ ಕಾಲದಲ್ಲಿ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೇ ಆ ರೋಗವನ್ನು ಹರಡುತ್ತವೆಂದು ಊಹಿಸಿ ಬರೆದನು. ಆ ಊಹೆ ನಿಜವಾಯಿತು. ಅವನು ಸೂಚಿಸಿದ ಕರ್ಪೂರ ಮಾತ್ರ ಕಾಲರಾದ ಮದ್ದಾಗಲಿಲ್ಲ. ರಕ್ತ ಹರಿಸದೆ ಇದ್ದುದೇ ಎಷ್ಟೋ ರೋಗಿಗಳ ಪುಣ್ಯವಾಗಿರಬೇಕು. ಹಳೆಯ ಚಿಕಿತ್ಸೆಯನ್ನೂ ಬೆರೆಸಿದ ಶಿಷ್ಯರನ್ನು 1832ರಲ್ಲಿ ಪತ್ರಿಕೆಯಲ್ಲೇ ಅರೆಬರೆಯವರೆಂದು ಜರೆದನು. ಪಂಡಿತರ ಮೊಂಡುತನವನ್ನು ಪ್ರಶ್ನಿಸಿದವನಿಗೆ ತನ್ನವರ ಪ್ರಶ್ನೆ ಸಹಿಸದಾಯಿತು.

ಮೊದಲ ಹೆಂಡತಿ ತೀರಿಕೊಂಡ ಮೇಲೆ, ಚಿಕಿತ್ಸೆಗೆಂದು ಬಂದ ಫ್ರೆಂಚ್ ಚಿತ್ರಕಾರ್ತಿ ಮೆಲನಿಯನ್ನು 1835ರಲ್ಲಿ, ತನ್ನ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಮದುವೆಯಾಗಿ ಪ್ಯಾರಿಸ್ಸಿಗೆ ಹೋದನು. ಅಲ್ಲಿ ಹಣವೂ ಕೀರ್ತಿಯೂ ಕೂಡಿಬಂದವು. 1843ರ ಜುಲೈ 2ರಂದು ತೀರಿಕೊಂಡಾಗ ಮಾತ್ರ ಸಂಸ್ಕಾರ ಸದ್ದಿಲ್ಲದೆ ನಡೆಯಿತು. ಹಿಂದಿನ ವರುಷವಷ್ಟೇ ತಿದ್ದಿ ಮುಗಿಸಿದ್ದ ‘ಆರ್ಗನಾನ್’ನ ಆರನೆಯ ಆವೃತ್ತಿಯ ಹಸ್ತಪ್ರತಿ ಮೆಲನಿಯ ವಶದಲ್ಲೇ ಉಳಿದು, ಅಚ್ಚಾದದ್ದು 1921ರಲ್ಲಿ.